ಒಂಟಿ ಗಾಜೋ, ಜೋಡಿ ಗಾಜೋ: ನಮ್ಮ ಬಯಲುಸೀಮೆಯ ಮನೆಗೆ ಕಿಟಕಿ ಆರಿಸುವ ಕ್ರಮ

ತುಮಕೂರಿನಲ್ಲಿ ಹೊಸ ಮನೆ ಕಟ್ಟಿಸುತ್ತಿರುವವರೂ ಹಳೆಯ ಮನೆಯ ಕಿಟಕಿ ಬದಲಾಯಿಸಲು ಹೊರಟವರೂ ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ‘ಡಬಲ್ ಗ್ಲಾಸ್ ಹಾಕಿಸಿಬಿಡಿ, ಸೆಕೆಯೂ ಬರುವುದಿಲ್ಲ, ಸದ್ದೂ ಬರುವುದಿಲ್ಲ’ ಎಂದು ಕಿಟಕಿ ಅಂಗಡಿಯವರು ಹೇಳುತ್ತಾರೆ, ಖರ್ಚು ನೋಡಿದರೆ ಎದೆ ಝಲ್ಲೆನ್ನುತ್ತದೆ, ಹಾಕಿಸಬೇಕೆ, ಬೇಡವೆ? ಈ ಪ್ರಶ್ನೆಗೆ ಇಡೀ ಮನೆಗೆ ಅನ್ವಯವಾಗುವ ಒಂದೇ ಉತ್ತರವಿಲ್ಲ, ಏಕೆಂದರೆ ಪಡುವಣ ಗೋಡೆಯ ಕಿಟಕಿಯ ತೊಂದರೆ ಬೇರೆ, ರಸ್ತೆಗೆ ಮುಖ ಮಾಡಿದ ಮಲಗುವ ಕೋಣೆಯ ಕಿಟಕಿಯ ತೊಂದರೆ ಬೇರೆ. ಆದ್ದರಿಂದ ಒಂದೊಂದು ಕಿಟಕಿಯನ್ನೂ ಪ್ರತ್ಯೇಕವಾಗಿ ನೋಡಿ ತೀರ್ಮಾನಿಸುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ತಿಳಿಸುವುದು ಒಳ್ಳೆಯದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಭಾಗದ ಹೆಚ್ಚಿನ ಮನೆಗಳಲ್ಲಿ ಹೆಚ್ಚಿನ ಕಿಟಕಿಗಳಿಗೆ ಗುಣಮಟ್ಟದ ಒಂಟಿ ಗಾಜು, ಹೊರಗಡೆಯಿಂದ ಸರಿಯಾದ ನೆರಳು ಮತ್ತು ಸಂದಿಯಿಲ್ಲದ ಚೌಕಟ್ಟು ಸಾಕಾಗುತ್ತದೆ. ಜೋಡಿ ಗಾಜಿಗೆ ನ್ಯಾಯವಾದ ಜಾಗಗಳೂ ಇವೆ, ಆದರೆ ಅವು ಕೆಲವೇ. ಚಳಿ ದೇಶಗಳಲ್ಲಿ ಮನೆಯೊಳಗಿನ ಬೆಚ್ಚಗಿನ ಗಾಳಿಯ ಶಾಖವನ್ನು ಉಳಿಸಲೆಂದು ಬಳಕೆಗೆ ಬಂದ ವಸ್ತುವನ್ನು, ಶಾಖವು ಮುಖ್ಯವಾಗಿ ಬಿಸಿಲಿನ ರೂಪದಲ್ಲಿ ಒಳಗೆ ಬರುವ ನಮ್ಮ ಊರಿಗೆ ತರುವಾಗ ಲೆಕ್ಕವನ್ನು ಹೊಸದಾಗಿ ಹಾಕಬೇಕಾಗುತ್ತದೆ.

ಮೊದಲು ಕೆಲವು ಪದಗಳು

ಒಂಟಿ ಗಾಜು ಎಂದರೆ ಕಿಟಕಿಯಲ್ಲಿ 4, 5 ಅಥವಾ 6 ಮಿ.ಮೀ. ದಪ್ಪದ ಒಂದೇ ಹಾಳೆ ಇರುವುದು. ಜೋಡಿ ಗಾಜಿನಲ್ಲಿ ಎರಡು ಹಾಳೆಗಳ ನಡುವೆ ಸಾಮಾನ್ಯವಾಗಿ 12 ಮಿ.ಮೀ. ಅಂತರವಿರುತ್ತದೆ. ಅಂಚಿನ ಸುತ್ತ ಸ್ಪೇಸರ್ ಎಂಬ ಟೊಳ್ಳು ಪಟ್ಟಿ, ಅದರೊಳಗೆ ತೇವವನ್ನು ಹೀರಿಕೊಳ್ಳುವ ಸಣ್ಣ ಹರಳುಗಳು, ಹೊರಗೆ ಎರಡು ಸುತ್ತಿನ ಸೀಲ್ ಇರುತ್ತವೆ. ಇವೆಲ್ಲ ಸೇರಿ ಕಾರ್ಖಾನೆಯಲ್ಲಿ ಸಿದ್ಧವಾಗುವ ಒಂದೇ ಘಟಕವನ್ನು ವ್ಯಾಪಾರದವರು ಡಿಜಿಯು ಎನ್ನುತ್ತಾರೆ. ಕೊಟೇಷನ್ನಿನಲ್ಲಿ 6-12-6 ಎಂದಿದ್ದರೆ 6 ಮಿ.ಮೀ. ಗಾಜು, 12 ಮಿ.ಮೀ. ಅಂತರ, ಮತ್ತೆ 6 ಮಿ.ಮೀ. ಗಾಜು, ಒಟ್ಟು 24 ಮಿ.ಮೀ. ಎಂದರ್ಥ. ನಡುವಿನ ಜಾಗದಲ್ಲಿ ನಿರ್ವಾತವಿದೆ ಎಂದು ಹಲವರು ನಂಬಿದ್ದಾರೆ. ಅದು ನಿಜವಲ್ಲ. ಮನೆಗಳಿಗೆ ಬಳಸುವ ಸಾಮಾನ್ಯ ಘಟಕದಲ್ಲಿ ಇರುವುದು ಒಣ ಗಾಳಿ ಅಥವಾ ಆರ್ಗಾನ್ ಅನಿಲ.

ಇನ್ನೆರಡು ಅಂಕಿಗಳನ್ನು ಅರ್ಥ ಮಾಡಿಕೊಂಡರೆ ಅಂಗಡಿಯವರ ಮಾತನ್ನು ನೀವೇ ತೂಗಿ ನೋಡಬಹುದು. ಮೊದಲನೆಯದು ಯು ಮೌಲ್ಯ: ಒಳಗೂ ಹೊರಗೂ ಒಂದು ಡಿಗ್ರಿ ಉಷ್ಣತೆಯ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರ್ ಗಾಜಿನ ಮೂಲಕ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎಂಬ ಅಳತೆ. ಇದು ಒಂಟಿ ಗಾಜಿಗೆ ಸುಮಾರು 5.7, ಸಾಮಾನ್ಯ ಜೋಡಿ ಗಾಜಿಗೆ ಸುಮಾರು 2.8. ಎರಡನೆಯದು ಎಸ್‌ಎಚ್‌ಜಿಸಿ: ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬ, 0ಯಿಂದ 1ರವರೆಗಿನ ಅಂಕಿ. ಇದು 6 ಮಿ.ಮೀ. ತಿಳಿಗಾಜಿಗೆ ಸುಮಾರು 0.82, ಎರಡು ತಿಳಿಗಾಜುಗಳ ಜೋಡಿಗೆ ಸುಮಾರು 0.70. ಯು ಮೌಲ್ಯ ಅರ್ಧಕ್ಕೆ ಇಳಿದರೂ ಎಸ್‌ಎಚ್‌ಜಿಸಿ ಅಷ್ಟೇನೂ ಇಳಿದಿಲ್ಲ ಎಂಬುದನ್ನು ಗಮನಿಸಿ. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಇದರ ಮೇಲೆಯೇ.

ಹಂತ 1: ಪ್ರತಿ ಕಿಟಕಿಯ ತೊಂದರೆಯನ್ನು ಬರೆದುಕೊಳ್ಳಿ

ಮನೆಯ ನಕ್ಷೆಯ ಒಂದು ನಕಲನ್ನು ಇಟ್ಟುಕೊಂಡು ಪ್ರತಿ ಕಿಟಕಿಗೂ ಒಂದು ಸಂಖ್ಯೆ ಕೊಡಿ. ಅದರ ಎದುರು ದಿಕ್ಕು, ಅಳತೆ, ಮೇಲೆ ಸಜ್ಜಾ ಇದೆಯೆ ಮತ್ತು ಎಷ್ಟು ಅಡಿ ಚಾಚಿದೆ, ಆ ಕೋಣೆಗೆ ಎಸಿ ಇದೆಯೆ, ಕಿಟಕಿಯನ್ನು ದಿನದಲ್ಲಿ ಎಷ್ಟು ಹೊತ್ತು ತೆರೆದಿಡುತ್ತೀರಿ, ಮುಖ್ಯ ತೊಂದರೆ ಬಿಸಿಲೋ ಸದ್ದೋ ದೂಳೋ ಎಂಬುದನ್ನು ಬರೆಯಿರಿ. ಕಟ್ಟುತ್ತಿರುವ ಮನೆಯಾದರೆ ಒಂದು ಸಂಜೆ ನಾಲ್ಕು ಗಂಟೆಗೆ ಸೈಟಿನಲ್ಲಿ ನಿಂತು ಬಿಸಿಲು ಎಲ್ಲಿಯವರೆಗೆ ಬರುತ್ತದೆಂದು ನೋಡಿ, ಒಂದು ರಾತ್ರಿ ಹನ್ನೊಂದರ ನಂತರ ಹೋಗಿ ಲಾರಿಗಳ ಸದ್ದು ಎಷ್ಟೆಂದು ಕೇಳಿ. ಹಗಲು ಹೊತ್ತಿನಲ್ಲಿ ಮಾತ್ರ ಸೈಟು ನೋಡಿ ಕಿಟಕಿ ತೀರ್ಮಾನಿಸಿದವರು ಮನೆಗೆ ಬಂದ ಮೇಲೆ ರಾತ್ರಿಯ ಸದ್ದಿಗೆ ಬೇಸತ್ತದ್ದನ್ನು ನೋಡಿದ್ದೇನೆ.

ಇಲ್ಲೇ ಒಂದು ಎಚ್ಚರಿಕೆ. ನಿಮ್ಮದು ಮೇಲಿನ ಅಂತಸ್ತಾಗಿದ್ದು ರಾತ್ರಿ ಹತ್ತಾದರೂ ಕೋಣೆ ಕಾದೇ ಇದ್ದರೆ, ತಪ್ಪು ಕಿಟಕಿಯದ್ದಲ್ಲ. ದಿನವಿಡೀ ಬಿಸಿಲು ಕುಡಿದ ಆರ್‌ಸಿಸಿ ತಾರಸಿ ಇರುಳಿನಲ್ಲಿ ಆ ಶಾಖವನ್ನು ಕೆಳಗೆ ಬಿಡುತ್ತಿರುತ್ತದೆ. ಅಂಥ ಮನೆಯಲ್ಲಿ ಕಿಟಕಿಗೆ ಹಣ ಸುರಿಯುವ ಮೊದಲು ತಾರಸಿಗೆ ಬಿಳಿಯ ಕೂಲ್ ರೂಫ್ ಬಣ್ಣವನ್ನೋ ಸುಣ್ಣದ ಲೇಪವನ್ನೋ ಹಾಕಿಸಿ, ಒಂದು ಬೇಸಿಗೆ ನೋಡಿ.

ಹಂತ 2: ಬಿಸಿಲಿನ ಲೆಕ್ಕ ಹಾಕಿ

4 ಅಡಿ ಅಗಲ, 5 ಅಡಿ ಎತ್ತರದ ಒಂದು ಕಿಟಕಿಯನ್ನು ತೆಗೆದುಕೊಳ್ಳೋಣ. ಅದರ ವಿಸ್ತೀರ್ಣ 20 ಚದರ ಅಡಿ, ಅಂದರೆ 1.86 ಚದರ ಮೀಟರ್. ಏಪ್ರಿಲ್ ತಿಂಗಳ ತಿಳಿಯಾದ ಸಂಜೆ ಪಡುವಣ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ ಸುಮಾರು 600 ವ್ಯಾಟ್ ಬಿಸಿಲು ಬೀಳುತ್ತದೆಂದು ಹಿಡಿಯೋಣ. ಒಂಟಿ ಗಾಜಿನ ಮೂಲಕ ಸುಮಾರು 900 ವ್ಯಾಟ್ ಶಾಖ ಒಳಗೆ ಬರುತ್ತದೆ. ಒಂದು ಟನ್ನಿನ ಎಸಿ ಹೊರದೂಡಬಲ್ಲ ಶಾಖ ಸುಮಾರು 3,500 ವ್ಯಾಟ್ ಎಂಬುದನ್ನು ನೆನೆದರೆ, ಒಂದೇ ಕಿಟಕಿ ಅದರ ಕಾಲು ಭಾಗವನ್ನು ನುಂಗಿತೆಂದಾಯಿತು. ಅದೇ ಕಿಟಕಿಗೆ ತಿಳಿಗಾಜಿನ ಜೋಡಿ ಹಾಕಿಸಿದರೆ ಒಳಗೆ ಬರುವುದು ಸುಮಾರು 780 ವ್ಯಾಟ್. ಇನ್ನು ಬಿಸಿಲನ್ನು ಬಿಟ್ಟು ಬರೀ ಗಾಳಿಯ ಉಷ್ಣತೆಯ ವ್ಯತ್ಯಾಸದಿಂದ ದಾಟುವ ಶಾಖವನ್ನು ನೋಡಿದರೆ, ಹೊರಗೆ 34 ಡಿಗ್ರಿ, ಒಳಗೆ ಎಸಿ ಹಾಕಿ 24 ಡಿಗ್ರಿ ಇದ್ದಾಗಲೂ ಒಂಟಿ ಗಾಜಿನಲ್ಲಿ 106 ವ್ಯಾಟ್, ಜೋಡಿ ಗಾಜಿನಲ್ಲಿ 52 ವ್ಯಾಟ್. ಜೋಡಿ ಗಾಜು ಚೆನ್ನಾಗಿ ತಡೆಯುವುದು ಈ ಚಿಕ್ಕ ಪಾಲನ್ನು. ದೊಡ್ಡ ಪಾಲನ್ನು ಅದು ಹೆಚ್ಚು ಕಡಿಮೆ ಹಾಗೆಯೇ ಒಳಗೆ ಬಿಡುತ್ತದೆ.

ಈಗ ಅದೇ ಒಂಟಿ ಗಾಜಿನ ಕಿಟಕಿಯ ಹೊರಗೆ ಬಿದಿರಿನ ಪರದೆಯನ್ನೋ, ಪಟ್ಟಿಗಳ ಮರದ ಬಾಗಿಲನ್ನೋ, ಬಳ್ಳಿ ಹಬ್ಬಿಸಿದ ಚಪ್ಪರವನ್ನೋ ಕಲ್ಪಿಸಿಕೊಳ್ಳಿ. ಅದು ಬಿಸಿಲಿನ ಮುಕ್ಕಾಲು ಪಾಲನ್ನು ತಡೆದರೂ ಒಳಗೆ ಬರುವುದು 230 ವ್ಯಾಟಿಗೆ ಇಳಿಯುತ್ತದೆ. ನೆರಳು ಗಾಜಿನ ಹೊರಗೇ ಇರಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಒಳಗಿನ ದಪ್ಪ ಪರದೆ ಕಣ್ಣಿಗೆ ತಂಪು ಕೊಡುತ್ತದೆ ನಿಜ, ಆದರೆ ಅಷ್ಟರಲ್ಲಿ ಬಿಸಿಲು ಗಾಜನ್ನು ದಾಟಿ ಒಳಗೆ ಬಂದಾಗಿರುತ್ತದೆ; ಪರದೆ ತಾನೇ ಕಾದು ಕೋಣೆಯನ್ನು ಕಾಯಿಸುತ್ತದೆ.

ದಿಕ್ಕಿನ ವಿಚಾರ ಇಲ್ಲಿ ಬಹಳ ಮುಖ್ಯ. ನಾವಿರುವುದು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆರಡು ಸಲ, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ, ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿದಾಗಲೂ ನಡುಹಗಲಿನಲ್ಲಿ 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಆದ್ದರಿಂದ ತೆಂಕಣ ಕಿಟಕಿಗೆ 2 ಅಡಿಯ ಸಜ್ಜಾ ಇದ್ದರೆ ಡಿಸೆಂಬರಿನ ನಡುಹಗಲಿನಲ್ಲೂ ಎರಡೂವರೆ ಅಡಿಗಿಂತ ಹೆಚ್ಚು ಎತ್ತರದ ಭಾಗಕ್ಕೆ ನೆರಳಿರುತ್ತದೆ, ಬೇಸಿಗೆಯ ನಡುಹಗಲಿನಲ್ಲಂತೂ ಪೂರ್ತಿ ನೆರಳು. ಬಡಗಣ ಕಿಟಕಿಗೆ ಮೇ, ಜೂನ್, ಜುಲೈ ತಿಂಗಳುಗಳಲ್ಲಿ ಅಷ್ಟಿಷ್ಟು ಬಿಸಿಲು ತಾಗುತ್ತದೆಯೇ ಹೊರತು ದೊಡ್ಡ ಕಾಟವಿಲ್ಲ. ಕಾಟವಿರುವುದು ಮೂಡಣ ಮತ್ತು ಪಡುವಣ ಕಿಟಕಿಗಳಲ್ಲಿ. ಏಪ್ರಿಲಿನ ಸಂಜೆ ನಾಲ್ಕು ಗಂಟೆಗೆ ಸೂರ್ಯ ಸುಮಾರು 36 ಡಿಗ್ರಿಗೆ ಇಳಿದಿರುತ್ತಾನೆ, ಆಗ 2 ಅಡಿಯ ಸಜ್ಜಾ ಪಡುವಣ ಕಿಟಕಿಯ ಮೇಲಿನ ಒಂದೂವರೆ ಅಡಿಗೆ ಮಾತ್ರ ನೆರಳು ಕೊಡುತ್ತದೆ. ಐದು ಗಂಟೆಗೆ ಆ ನೆರಳು ಮುಕ್ಕಾಲು ಅಡಿಯಷ್ಟಕ್ಕೆ ಕುಗ್ಗುತ್ತದೆ. ಎಷ್ಟೇ ಅಗಲದ ಸಜ್ಜಾ ಹಾಕಿಸಿದರೂ ಇಳಿಬಿಸಿಲು ಅದರ ಕೆಳಗಿಂದ ನುಗ್ಗುವುದರಿಂದ, ಪಡುವಣಕ್ಕೆ ಅಡ್ಡ ಸಜ್ಜಾಕ್ಕಿಂತ ಕಿಟಕಿಯ ಮುಂದೆ ನೇರವಾಗಿ ಇಳಿಬಿಡುವ ಪರದೆಯೇ ಕೆಲಸಕ್ಕೆ ಬರುತ್ತದೆ. ಹೊಸದಾಗಿ ಕಟ್ಟುವವರಿಗೆ ಇದಕ್ಕಿಂತ ಸುಲಭವಾದ ದಾರಿಯೂ ಇದೆ: ಪಡುವಣ ಗೋಡೆಯಲ್ಲಿ ದೊಡ್ಡ ಕಿಟಕಿಯನ್ನೇ ಇಡಬೇಡಿ, ಆ ಬದಿಗೆ ಬಚ್ಚಲು, ಉಗ್ರಾಣ, ಮೆಟ್ಟಿಲುಗಳನ್ನು ತಳ್ಳಿ.

ಹೊರಗೆ ನೆರಳು ಮಾಡಲು ಸಾಧ್ಯವೇ ಇಲ್ಲದ ಪಡುವಣ ಕಿಟಕಿಗೆ, ಉದಾಹರಣೆಗೆ ಅಪಾರ್ಟ್‌ಮೆಂಟಿನ ಹೊರಗೋಡೆಯನ್ನು ಮುಟ್ಟಲು ಸಂಘದವರು ಬಿಡದಿದ್ದಾಗ, ಲೋ-ಇ ಲೇಪವಿರುವ ಬಿಸಿಲು ತಡೆಯುವ ಜೋಡಿ ಗಾಜು ಸರಿಯಾದ ಆಯ್ಕೆ. ಲೋ-ಇ ಎಂದರೆ ಶಾಖದ ಕಿರಣಗಳನ್ನು ಹಿಂದಕ್ಕೆ ಕಳಿಸುವ, ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪ. ಇಂಥ ಗಾಜುಗಳಲ್ಲಿ ಎಸ್‌ಎಚ್‌ಜಿಸಿ 0.30ರ ಆಸುಪಾಸಿನದು ಸಿಗುತ್ತದೆ. ಆಗ ನಮ್ಮ ಲೆಕ್ಕದ 900 ವ್ಯಾಟ್ ಸುಮಾರು 335ಕ್ಕೆ ಇಳಿಯುತ್ತದೆ. ಇಲ್ಲಿ ಕೆಲಸ ಮಾಡುತ್ತಿರುವುದು ಎರಡನೆಯ ಹಾಳೆಗಿಂತ ಹೆಚ್ಚಾಗಿ ಆ ಲೇಪ. ಆದ್ದರಿಂದ ಲೇಪವಿಲ್ಲದ ತಿಳಿಗಾಜಿನ ಜೋಡಿಯನ್ನು ‘ಸೆಕೆ ತಡೆಯುತ್ತದೆ’ ಎಂದು ಮಾರಿದರೆ ಎಸ್‌ಎಚ್‌ಜಿಸಿ ಎಷ್ಟೆಂದು ಕೇಳಿ.

ಹಂತ 3: ಗಾಳಿ ಮತ್ತು ಎಸಿಯ ಲೆಕ್ಕ

ಕಿಟಕಿ ತೆರೆದಿದ್ದಾಗ ಅದರಲ್ಲಿ ಒಂದು ಗಾಜಿದ್ದರೇನು, ಎರಡಿದ್ದರೇನು? ಸಮುದ್ರ ಮಟ್ಟದಿಂದ ಎಂಟು ನೂರು, ಒಂಬೈನೂರು ಮೀಟರ್ ಎತ್ತರದ ನಮ್ಮ ಊರುಗಳಲ್ಲಿ ಬೇಸಿಗೆಯಲ್ಲೂ ಇರುಳು ತಂಪಾಗುತ್ತದೆ, ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ತೆರೆದ ಕಿಟಕಿಯೇ ಮನೆಯನ್ನು ತಣಿಸುತ್ತದೆ. ಹಾಗಾಗಿ ಎಸಿ ಇಲ್ಲದ ಕೋಣೆಯಲ್ಲಿ ಗಾಜಿನ ಸಂಖ್ಯೆಗಿಂತ ಕಿಟಕಿ ಎಷ್ಟು ತೆರೆಯುತ್ತದೆ ಎಂಬುದೇ ಹೆಚ್ಚಿನ ವಿಷಯ. ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ಎಕೋ ನಿವಾಸ್ ಸಂಹಿತೆಯು ಬೆಂಗಳೂರಿನಂಥ ಹದವಾದ ಹವೆಯ ಪ್ರದೇಶಕ್ಕೆ ನೆಲದ ವಿಸ್ತೀರ್ಣದ ಕನಿಷ್ಠ 12.5 ಶೇಕಡದಷ್ಟು ತೆರೆಯಬಹುದಾದ ಜಾಗವನ್ನು ಕೇಳುತ್ತದೆ. 10 ಅಡಿಗೆ 12 ಅಡಿಯ ಕೋಣೆಗೆ ಇದು 15 ಚದರ ಅಡಿ. ನಮ್ಮ 20 ಚದರ ಅಡಿಯ ಕಿಟಕಿಯನ್ನು ಎರಡು ಟ್ರ್ಯಾಕಿನ ಸ್ಲೈಡಿಂಗ್ ಮಾಡಿಸಿದರೆ ತೆರೆಯುವುದು ಅರ್ಧ, ಅಂದರೆ 10 ಚದರ ಅಡಿ ಮಾತ್ರ. ಅದನ್ನೇ ಕೀಲಿನ ಮೇಲೆ ತೆರೆಯುವ ಬಾಗಿಲಿನ ಕಿಟಕಿಯಾಗಿ ಮಾಡಿಸಿದರೆ ಹೆಚ್ಚು ಕಡಿಮೆ ಪೂರ್ತಿ ತೆರೆಯುತ್ತದೆ. ಜೋಡಿ ಗಾಜಿಗೆ ಇಟ್ಟಿದ್ದ ಹಣದಲ್ಲಿ ಈ ಬದಲಾವಣೆಯನ್ನೂ ಒಳ್ಳೆಯ ಸೊಳ್ಳೆ ಪರದೆಯನ್ನೂ ಮಾಡಿಸಿಕೊಂಡವರಿಗೆ ಇಡೀ ವರ್ಷ ಸುಖವಿದೆ.

ಎಸಿ ಇರುವ ಕೋಣೆಯ ಉಳಿತಾಯವನ್ನೂ ಲೆಕ್ಕ ಹಾಕಿಯೇ ನೋಡೋಣ. ಮೇಲಿನ ಅಂಕಿಗಳ ಪ್ರಕಾರ ತಿಳಿಗಾಜಿನ ಜೋಡಿಯಿಂದ ಗಾಳಿಯ ಉಷ್ಣತೆಯ ಲೆಕ್ಕದಲ್ಲಿ 54 ವ್ಯಾಟ್ ಉಳಿಯುತ್ತದೆ, ದಿನಕ್ಕೆ 8 ಗಂಟೆಗೆ 0.43 ಯೂನಿಟ್ ಶಾಖ. ಪಡುವಣ ಬಿಸಿಲಿನಲ್ಲಿ ಸುಮಾರು 130 ವ್ಯಾಟಿನಂತೆ 3 ಗಂಟೆಗೆ 0.4 ಯೂನಿಟ್. ಒಂದು ಯೂನಿಟ್ ವಿದ್ಯುತ್ತಿನಲ್ಲಿ ಎಸಿ ಸುಮಾರು ಮೂರು ಯೂನಿಟ್ ಶಾಖವನ್ನು ಹೊರಹಾಕುವುದರಿಂದ ಉಳಿಯುವ ವಿದ್ಯುತ್ತು ದಿನಕ್ಕೆ 0.28 ಯೂನಿಟ್. ವರ್ಷದಲ್ಲಿ 100 ದಿನ ಎಸಿ ಹಾಕುತ್ತೀರೆಂದುಕೊಂಡರೆ 28 ಯೂನಿಟ್, ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ ಸುಮಾರು 170 ರೂಪಾಯಿ. ಇದು ಜೋಡಿ ಗಾಜಿನ ಪರವಾಗಿಯೇ ಹಾಕಿದ ಲೆಕ್ಕ, ಏಕೆಂದರೆ ರಾತ್ರಿಯಲ್ಲಿ ಹೊರಗೂ ಒಳಗೂ ಹತ್ತು ಡಿಗ್ರಿಯ ಅಂತರ ಇಲ್ಲಿ ಇರುವುದಿಲ್ಲ. ನಿಮ್ಮ ಕೈಯಲ್ಲಿರುವ ಎರಡು ಕೊಟೇಷನ್‌ಗಳ ವ್ಯತ್ಯಾಸವನ್ನು ಈ ವಾರ್ಷಿಕ ಉಳಿತಾಯದಿಂದ ಭಾಗಿಸಿ ನೋಡಿ. ಹಣ ಮರಳಲು ಎಷ್ಟು ವರ್ಷ ಬೇಕೆಂದು ತಿಳಿಯುತ್ತದೆ. ಗೃಹಜ್ಯೋತಿ ಯೋಜನೆಯಡಿ ಶೂನ್ಯ ಬಿಲ್ಲು ಬರುತ್ತಿರುವ ಮನೆಯಾದರೆ ಉಳಿತಾಯದ ಮಾತೇ ಬರುವುದಿಲ್ಲ, ಎಸಿಯಿಂದಾಗಿ ತಿಂಗಳಿಗೆ 200 ಯೂನಿಟ್ಟಿನ ಗಡಿ ದಾಟುವ ಅಂಚಿನಲ್ಲಿದ್ದರೆ ಮಾತ್ರ ಅದು ಬೇರೆ ಲೆಕ್ಕ.

ಹಂತ 4: ಸದ್ದಿನ ವಿಚಾರ

ಜೋಡಿ ಗಾಜನ್ನು ಕೇಳಿಕೊಂಡು ಬರುವವರಲ್ಲಿ ಬಹುಪಾಲು ಜನರ ನಿಜವಾದ ತೊಂದರೆ ಸದ್ದೇ ಆಗಿರುತ್ತದೆ. ತುಮಕೂರಿನಲ್ಲಿ ಬಿ.ಎಚ್. ರಸ್ತೆಯ ಆಸುಪಾಸು, 48ನೆಯ ರಾಷ್ಟ್ರೀಯ ಹೆದ್ದಾರಿಗೆ ತಾಗಿದ ಬಡಾವಣೆಗಳು, ರೈಲು ಹಳಿಯ ಪಕ್ಕದ ಮನೆಗಳು. ಕೋಲಾರ, ಮುಳಬಾಗಿಲಿನ ಕಡೆ 75ನೆಯ ಹೆದ್ದಾರಿ, ಚಿಕ್ಕಬಳ್ಳಾಪುರದಲ್ಲಿ ಹೈದರಾಬಾದಿಗೆ ಹೋಗುವ 44ನೆಯ ಹೆದ್ದಾರಿ. ಇಂಥ ಕಡೆ ಮಲಗುವ ಕೋಣೆಗೆ ಒಳ್ಳೆಯ ಕಿಟಕಿ ಬೇಕೇ ಬೇಕು. ನಿದ್ದೆಗೆಟ್ಟ ಮನೆಯವರಿಗೆ ವಿದ್ಯುತ್ ಉಳಿತಾಯದ ಲೆಕ್ಕ ಹೇಳಿ ಪ್ರಯೋಜನವಿಲ್ಲ.

ಆದರೆ ಎರಡು ಗಾಜು ಹಾಕಿದ ಮಾತ್ರಕ್ಕೆ ಸದ್ದು ಅರ್ಧವಾಗುವುದಿಲ್ಲ. 6 ಮಿ.ಮೀ. ಒಂಟಿ ಗಾಜು ಸುಮಾರು 31 ಡೆಸಿಬೆಲ್ ಸದ್ದನ್ನು ತಗ್ಗಿಸಿದರೆ, 6-12-6 ಜೋಡಿ ತಗ್ಗಿಸುವುದು ಸುಮಾರು 33. ಸದ್ದು ಅರ್ಧವಾಯಿತೆಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ವ್ಯತ್ಯಾಸ ಬೇಕು. ಒಂದೇ ದಪ್ಪದ ಎರಡು ಹಾಳೆಗಳು ಒಂದೇ ಸ್ವರಕ್ಕೆ ಕಂಪಿಸುತ್ತವೆ, ನಡುವಿನ ತೆಳು ಗಾಳಿಯ ಪದರ ಸ್ಪ್ರಿಂಗಿನಂತೆ ಒಂದರ ಕಂಪನವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಲಾರಿ ಎಂಜಿನ್ನಿನ ಗುಡುಗಿನಂಥ ತಗ್ಗಿನ ಸದ್ದಿನಲ್ಲಿ ಈ ದೋಷ ಹೆಚ್ಚು.

ಇದಕ್ಕೆ ಪರಿಹಾರವೆಂದರೆ ಒಂದು ಹಾಳೆ ದಪ್ಪ, ಒಂದು ಹಾಳೆ ತೆಳು ಮಾಡಿಸುವುದು ಮತ್ತು ಒಂದನ್ನು ಲ್ಯಾಮಿನೇಟೆಡ್ ಮಾಡಿಸುವುದು. ಲ್ಯಾಮಿನೇಟೆಡ್ ಗಾಜಿನಲ್ಲಿ ಎರಡು ಹಾಳೆಗಳ ನಡುವೆ ಗಾಳಿಗೆ ಬದಲಾಗಿ ಪಿವಿಬಿ ಎಂಬ ಮೆತ್ತನೆಯ ಪ್ಲಾಸ್ಟಿಕ್ ಪದರವನ್ನು ಬೆಸೆದಿರುತ್ತಾರೆ. ಅದು ಕಂಪನವನ್ನು ನುಂಗುತ್ತದೆ, ಗಾಜು ಒಡೆದರೂ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೆದ್ದಾರಿಯಿಂದ ಸ್ವಲ್ಪ ದೂರವಿರುವ ಮನೆಗಳಿಗೆ ಸಂದಿಯಿಲ್ಲದ ಚೌಕಟ್ಟಿನಲ್ಲಿ ಲ್ಯಾಮಿನೇಟೆಡ್ ಒಂಟಿ ಗಾಜೇ ಸಾಕಾಗುವುದುಂಟು.

ಹಳೆಯ ಮನೆಯವರಿಗೆ ಇನ್ನೂ ಒಳ್ಳೆಯ ದಾರಿಯಿದೆ, ಅದನ್ನು ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. ನಮ್ಮ ಇಟ್ಟಿಗೆ ಗೋಡೆ 9 ಅಂಗುಲ ದಪ್ಪ, ಕಲ್ಲಿನ ಗೋಡೆಯಾದರೆ ಅದಕ್ಕಿಂತ ಹೆಚ್ಚು. ಈಗಿರುವ ಮರದ ಕಿಟಕಿಯನ್ನು ಹೊರಗಡೆ ಹಾಗೆಯೇ ಉಳಿಸಿಕೊಂಡು, ಗೋಡೆಯ ಒಳ ಅಂಚಿಗೆ ಎರಡನೆಯದೊಂದು ಕಿಟಕಿ ಕೂರಿಸಿದರೆ ಎರಡು ಗಾಜುಗಳ ನಡುವೆ 100 ಮಿ.ಮೀ.ಗಿಂತ ಹೆಚ್ಚು ಅಂತರ ಸಿಗುತ್ತದೆ. ಸದ್ದಿನ ಮಟ್ಟಿಗೆ ಈ ಅಗಲವಾದ ಅಂತರದ ಮುಂದೆ 12 ಮಿ.ಮೀ. ಅಂತರದ ಘಟಕ ಏನೂ ಅಲ್ಲ. ಚೆನ್ನಾಗಿ ಮುಚ್ಚಿಕೊಂಡರೆ ಒಟ್ಟು ತಗ್ಗಿಕೆ 40 ಡೆಸಿಬೆಲ್ ದಾಟುವುದುಂಟು. ಬೆಳಗ್ಗೆ ಎರಡನ್ನೂ ತೆರೆದಿಡಬಹುದು, ಹಳೆಯ ಹೊನ್ನೆ ಮರದ ಚೌಕಟ್ಟನ್ನು ಕಿತ್ತು ಬಿಸಾಡುವ ಪ್ರಮೇಯವೂ ಇಲ್ಲ.

ಸದ್ದು ಸಂದಿಯಿಂದ ಬರುತ್ತದೆ ಎಂಬುದನ್ನು ಮರೆಯಬೇಡಿ. ಕಿಟಕಿಯ ಮೇಲಿನ ವೆಂಟಿಲೇಟರ್, ಚೌಕಟ್ಟು ಮತ್ತು ಗೋಡೆಯ ನಡುವೆ ಗಾರೆ ಬಿರುಕು ಬಿಟ್ಟ ಜಾಗ, ಎಸಿ ಪೈಪಿಗೆ ಕೊರೆದ ತೂತು ಇವುಗಳನ್ನು ಹಾಗೇ ಬಿಟ್ಟು ಎಷ್ಟು ದಪ್ಪದ ಗಾಜು ಹಾಕಿದರೂ ವ್ಯರ್ಥ. ದೂಳಿಗೂ ಇದೇ ಮಾತು. ಕಲ್ಲು ಕ್ವಾರಿ, ಕ್ರಷರುಗಳ ಹತ್ತಿರದ ಊರುಗಳವರು ದೂಳಿಗೆಂದು ಜೋಡಿ ಗಾಜು ಕೇಳುತ್ತಾರೆ. ದೂಳನ್ನು ತಡೆಯುವುದು ಗಾಜಲ್ಲ, ಚೌಕಟ್ಟಿನ ಸುತ್ತಲಿನ ರಬ್ಬರ್ ಪಟ್ಟಿ. ಸ್ಲೈಡಿಂಗ್ ಕಿಟಕಿಗಿಂತ ಬಾಗಿಲಿನಂತೆ ಮುಚ್ಚಿ ಬಿಗಿಯುವ ಕಿಟಕಿಯಲ್ಲಿ ಆ ಪಟ್ಟಿ ಚೆನ್ನಾಗಿ ಒತ್ತಿಕೊಳ್ಳುತ್ತದೆ.

ಜೀವಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಗ್ಯಾಸ್ ಗೀಸರ್ ಇರುವ ಬಚ್ಚಲಿನ, ಗ್ಯಾಸ್ ಒಲೆ ಇರುವ ಅಡುಗೆಮನೆಯ ಗಾಳಿಕಿಂಡಿಗಳನ್ನು ಸದ್ದು, ದೂಳಿನ ನೆಪದಲ್ಲಿ ಎಂದಿಗೂ ಮುಚ್ಚಬೇಡಿ. ಆಮ್ಲಜನಕ ಸಾಲದೆ ಉರಿಯುವ ಗ್ಯಾಸಿನಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಒಳಗಿರುವವರಿಗೆ ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಮಲಗುವ ಕೋಣೆಯನ್ನು ಬಿಗಿಯಾಗಿ ಮುಚ್ಚುವುದಾದರೂ ಸದ್ದಿಲ್ಲದ ಬದಿಯಿಂದ ಗಾಳಿ ಬರಲು ಒಂದು ದಾರಿ ಉಳಿಸಿಕೊಳ್ಳಿ.

ಹಂತ 5: ಗಾಜಿನ ವಿವರ ನಿಗದಿಪಡಿಸಿ

ಒಂಟಿ ಗಾಜಾದರೆ ಸಾಮಾನ್ಯ ಅಳತೆಯ ಕಿಟಕಿಗೆ 5 ಅಥವಾ 6 ಮಿ.ಮೀ. ಹಾಕಿಸಿ, 4 ಮಿ.ಮೀ. ಚಿಕ್ಕ ಕಿಟಕಿಗಷ್ಟೇ ಸರಿ. ನೆಲದ ಹತ್ತಿರಕ್ಕೆ ಇಳಿಯುವ ಕಿಟಕಿ, ಬಾಲ್ಕನಿ ಬಾಗಿಲು, ಮೆಟ್ಟಿಲ ಪಕ್ಕದ ಗಾಜು, ಮಕ್ಕಳು ಓಡಾಡುವ ಜಾಗ ಇವುಗಳಿಗೆ ಟಫನ್ಡ್ ಅಥವಾ ಲ್ಯಾಮಿನೇಟೆಡ್ ಬಿಟ್ಟು ಬೇರೆ ಬೇಡ. ಟಫನ್ಡ್ ಎಂದರೆ ಕಾಯಿಸಿ ತಟ್ಟನೆ ತಣಿಸಿ ಗಟ್ಟಿಗೊಳಿಸಿದ ಗಾಜು. ಒಡೆದರೆ ಚೂಪಾದ ತುಂಡುಗಳಾಗದೆ ಮೊಂಡು ಕಾಳುಗಳಾಗಿ ಉದುರುತ್ತದೆ. ಇದಕ್ಕೆ ಭಾರತೀಯ ಮಾನಕ ಐಎಸ್ 2553ರ ಮೊದಲ ಭಾಗ ಅನ್ವಯಿಸುತ್ತದೆ. ಗಾಜಿನ ಮೂಲೆಯಲ್ಲಿ ತಯಾರಕರ ಮುದ್ರೆ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಒಪ್ಪಿಕೊಳ್ಳಬೇಡಿ.

ಬಣ್ಣದ ಗಾಜು, ಲೇಪವಿರುವ ಗಾಜು ಬಿಸಿಲಿನಲ್ಲಿ ಹೆಚ್ಚು ಕಾಯುತ್ತದೆ. ಅರ್ಧ ಭಾಗಕ್ಕೆ ಸಜ್ಜಾದ ನೆರಳು, ಅರ್ಧಕ್ಕೆ ಬಿಸಿಲು ಬಿದ್ದರೆ ಸಾಮಾನ್ಯ ಗಾಜು ಆ ಹಿಗ್ಗುವಿಕೆಯ ವ್ಯತ್ಯಾಸ ತಾಳದೆ ತಾನಾಗಿ ಸೀಳಬಹುದು, ಹಾಗಾಗಿ ಅಂಥ ಗಾಜನ್ನು ಟಫನ್ಡ್ ಮಾಡಿಸಿಯೇ ಹಾಕಿಸಿ. ಜೋಡಿ ಗಾಜಿನ ಮೇಲೆ ಆಮೇಲೆ ಕಪ್ಪು ಫಿಲ್ಮ್ ಅಂಟಿಸುವುದೂ ಇದೇ ಕಾರಣಕ್ಕೆ ಅಪಾಯ. ಲೋ-ಇ ಘಟಕವಾದರೆ ಲೇಪ ಎರಡನೆಯ ಮುಖದಲ್ಲಿರಬೇಕೆಂದು ಬರೆಸಿ. ಹೊರಗಿನಿಂದ ಎಣಿಸಿದರೆ ಹೊರ ಹಾಳೆಯ ಹೊರಮೈ ಒಂದನೆಯ ಮುಖ, ಅದೇ ಹಾಳೆಯ ಒಳಮೈ ಎರಡನೆಯದು.

ಹಂತ 6: ಚೌಕಟ್ಟು ತಾಳುತ್ತದೆಯೇ ನೋಡಿ

ಗಾಜಿನ ತೂಕ ಪ್ರತಿ ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 2.5 ಕಿಲೋ. ನಮ್ಮ 20 ಚದರ ಅಡಿಯ ಕಿಟಕಿಗೆ 5 ಮಿ.ಮೀ. ಒಂಟಿ ಗಾಜು ಸುಮಾರು 23 ಕಿಲೋ, ಎರಡಾದರೆ 46 ಕಿಲೋ. ಕೀಲು, ರೋಲರುಗಳು ಈ ತೂಕಕ್ಕೆ ತಕ್ಕವಾಗಿರದಿದ್ದರೆ ಬಾಗಿಲು ಬೇಗನೆ ಜೋಲುತ್ತದೆ, ಸ್ಲೈಡಿಂಗ್ ಕಿಟಕಿ ತಳ್ಳಲು ಬಾರದಂತಾಗುತ್ತದೆ.

ಅಲ್ಯೂಮಿನಿಯಂ ಶಾಖವನ್ನು ಬಹಳ ಸರಾಗವಾಗಿ ದಾಟಿಸುವ ಲೋಹ. ಎಸಿ ಕೋಣೆಗೆಂದು ದುಬಾರಿ ಲೋ-ಇ ಘಟಕ ಕೊಂಡು ಅದನ್ನು ಸಾಧಾರಣ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಕೂರಿಸಿದರೆ ಲಾಭದ ಒಂದು ಪಾಲು ಚೌಕಟ್ಟಿನ ಮೂಲಕವೇ ಸೋರಿಹೋಗುತ್ತದೆ. ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ ಮತ್ತು ಮರ ಈ ವಿಷಯದಲ್ಲಿ ಮೇಲು. ಅಲ್ಯೂಮಿನಿಯಂ ಬೇಕೇ ಬೇಕೆಂದರೆ ಥರ್ಮಲ್ ಬ್ರೇಕ್ ಇರುವುದನ್ನು, ಅಂದರೆ ಹೊರ ಒಳ ಭಾಗಗಳ ನಡುವೆ ಶಾಖ ದಾಟಿಸದ ಪಟ್ಟಿ ಕೂರಿಸಿರುವುದನ್ನು ಕೇಳಿ. ಯುಪಿವಿಸಿಯಾದರೆ ಒಳಗೆ ಕಬ್ಬಿಣದ ಬಲವರ್ಧನೆ ಇದೆಯೇ ಎಂದು ವಿಚಾರಿಸಿ. ಹಳೆಯ ಮರದ ಬಾಗಿಲುಗಳಲ್ಲಿ ಗಾಜು ಕೂರುವ ತೋಡು 4 ಮಿ.ಮೀ. ಗಾಜು ಮತ್ತು ಬೀಡಿಂಗಿಗೆ ಮಾಡಿದ್ದು. ಅದರಲ್ಲಿ 20 ಅಥವಾ 24 ಮಿ.ಮೀ. ಘಟಕ ಹಿಡಿಯುವುದಿಲ್ಲ. ತೋಡನ್ನು ಅಗಲಿಸುವ ಹಟಕ್ಕೆ ಬಿದ್ದರೆ ಬಾಗಿಲಿನ ಮರವೇ ಸೋಲುತ್ತದೆ. ಅಂಥ ಕಡೆ ಮೇಲೆ ಹೇಳಿದ ಒಳಗಿನ ಎರಡನೆಯ ಕಿಟಕಿಯೇ ಲೇಸು.

ಹಂತ 7: ಕೊಟೇಷನ್ ಬರೆಸಿಕೊಳ್ಳಿ

ಕನಿಷ್ಠ ಮೂರು ಕಡೆ ಕೇಳಿ, ಒಂದೇ ಕಿಟಕಿಗೆ ಒಂಟಿ ಮತ್ತು ಜೋಡಿ ಎರಡರ ದರವನ್ನೂ ಪ್ರತ್ಯೇಕವಾಗಿ ಕೇಳಿ. ಚದರ ಅಡಿಗೆ ಇಷ್ಟು ಎಂಬ ಒಂದೇ ಅಂಕಿಗೆ ಒಪ್ಪಬೇಡಿ. ಎರಡೂ ಹಾಳೆಗಳ ದಪ್ಪ, ಟಫನ್ಡ್ ಹೌದೋ ಅಲ್ಲವೋ, ಅಂತರ, ಯು ಮೌಲ್ಯ, ಎಸ್‌ಎಚ್‌ಜಿಸಿ, ಗಾಜು ಮತ್ತು ಚೌಕಟ್ಟಿನ ತಯಾರಕರು, ಸೊಳ್ಳೆ ಪರದೆ, ಸಾಗಣೆ, ಅಳವಡಿಕೆ, ತೆರಿಗೆ ಎಲ್ಲವೂ ಅದರಲ್ಲಿ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜೋಡಿ ಗಾಜಿನ ಒಳಗೆ ಮಂಜು ಕಟ್ಟಿದರೆ ಎಷ್ಟು ವರ್ಷದವರೆಗೆ ಉಚಿತವಾಗಿ ಬದಲಾಯಿಸಿ ಕೊಡುತ್ತಾರೆ, ಬಿಚ್ಚಿ ಕೂರಿಸುವ ಕೂಲಿ ಯಾರದ್ದು ಎಂಬುದನ್ನು ಬರೆಸಿಕೊಳ್ಳಿ. ಅಂಚಿನ ಸೀಲ್ ಸೋತು ತೇವ ಒಳಹೊಕ್ಕರೆ ಆ ಮಂಜನ್ನು ಒರೆಸಲು ಬರುವುದಿಲ್ಲ, ಇಡೀ ಘಟಕವನ್ನೇ ಬದಲಾಯಿಸಬೇಕು. ನಮ್ಮದೇ ಪರಿಚಿತರೊಬ್ಬರ ಮನೆಯಲ್ಲಿ ಹೀಗಾದಾಗ ಬಾಯಿಮಾತಿನ ವಾರಂಟಿಯನ್ನು ಯಾರೂ ಒಪ್ಪಲಿಲ್ಲ.

ಘಟಕ ಎಲ್ಲಿ ಸೀಲ್ ಆಗುತ್ತದೆ ಎಂದೂ ಕೇಳಿ. ಕಡಲ ಮಟ್ಟದ ಊರಿನಲ್ಲಿ ಸೀಲ್ ಮಾಡಿದ ಗಾಜನ್ನು ಎಂಟು ನೂರು ಮೀಟರ್ ಎತ್ತರದ ನಮ್ಮ ಊರಿಗೆ ತಂದರೆ, ಇಲ್ಲಿನ ಗಾಳಿಯ ಒತ್ತಡ ಸುಮಾರು ಹತ್ತನೆಯ ಒಂದರಷ್ಟು ಕಡಿಮೆ ಇರುವುದರಿಂದ ಒಳಗಿನ ಗಾಳಿ ಹಿಗ್ಗಿ ಎರಡೂ ಹಾಳೆಗಳನ್ನು ಹೊರಕ್ಕೆ ಉಬ್ಬಿಸುತ್ತದೆ. ಪ್ರತಿಬಿಂಬ ಸೊಟ್ಟಗಾಗುವುದು ಒಂದು ತೊಂದರೆ, ಸೀಲಿನ ಮೇಲೆ ಸದಾ ಎಳೆತವಿರುವುದು ಇನ್ನೊಂದು. ಬೆಂಗಳೂರಿನಲ್ಲೋ ಇಲ್ಲಿಯೇ ಹತ್ತಿರದಲ್ಲೋ ತಯಾರಾದದ್ದಾದರೆ ಈ ಚಿಂತೆಯಿಲ್ಲ.

ಹಂತ 8: ಅಳತೆ ಮತ್ತು ಅಳವಡಿಕೆ

ಟಫನ್ಡ್ ಗಾಜನ್ನಾಗಲಿ ಜೋಡಿ ಘಟಕವನ್ನಾಗಲಿ ಸೈಟಿಗೆ ಬಂದ ಮೇಲೆ ಕತ್ತರಿಸಲು, ಕೊರೆಯಲು ಸಾಧ್ಯವಿಲ್ಲ. ಆದ್ದರಿಂದ ಪ್ಲಾಸ್ಟರಿಂಗ್ ಮುಗಿದು, ಕೆಳಗಿನ ಗ್ರಾನೈಟ್ ಪಟ್ಟಿ ಕೂತ ಮೇಲೆಯೇ ಕೊನೆಯ ಅಳತೆ ತೆಗೆಸಿ. ಅಗಲವನ್ನು ಮೂರು ಕಡೆ, ಎತ್ತರವನ್ನು ಮೂರು ಕಡೆ, ಎರಡೂ ಕರ್ಣಗಳನ್ನು ಅಳೆಯಬೇಕು. ನಕ್ಷೆಯಲ್ಲಿದ್ದ ಅಳತೆಗೆ ಆರ್ಡರ್ ಕೊಟ್ಟು ಆಮೇಲೆ ಗೋಡೆ ಒಡೆದವರು ಬಹಳ ಮಂದಿ. ಕಬ್ಬಿಣದ ಗ್ರಿಲ್ ಇರುವಲ್ಲಿ ಬಾಗಿಲು ಯಾವ ಕಡೆಗೆ ತೆರೆಯುತ್ತದೆಂಬುದನ್ನೂ ಈಗಲೇ ನೋಡಿ. ಬೆಂಕಿ ಬಿದ್ದಾಗ ಹೊರಬರಲು ಒಂದಾದರೂ ಗ್ರಿಲ್ ಒಳಗಿನಿಂದ ತೆರೆಯುವಂತಿರಲಿ.

ಕೂರಿಸುವಾಗ ಗಾಜು ನೇರವಾಗಿ ಚೌಕಟ್ಟಿನ ಮೇಲೆ ನಿಲ್ಲದೆ ಸಣ್ಣ ರಬ್ಬರ್ ಅಥವಾ ಪ್ಲಾಸ್ಟಿಕ್ ಪ್ಯಾಕಿಂಗುಗಳ ಮೇಲೆ ನಿಲ್ಲಬೇಕು. ಜೋಡಿ ಘಟಕದ ಕೆಳ ಅಂಚು ನಿಂತ ನೀರಿನಲ್ಲಿ ನೆನೆದರೆ ಸೀಲ್ ಬೇಗ ಸೋಲುತ್ತದೆ, ಹಾಗಾಗಿ ಚೌಕಟ್ಟಿನ ಕೆಳಗಡೆ ನೀರು ಹರಿದುಹೋಗುವ ಸಣ್ಣ ಕಿಂಡಿಗಳು ಇರಲೇಬೇಕು. ಹಚ್ಚುವ ಸಿಲಿಕೋನ್ ವಿನೆಗರಿನಂತೆ ಹುಳಿ ವಾಸನೆ ಹೊಡೆದರೆ ಕೆಲಸ ನಿಲ್ಲಿಸಿ. ಆ ಬಗೆಯದು ಜೋಡಿ ಗಾಜಿನ ಸೀಲನ್ನೂ ಲ್ಯಾಮಿನೇಟೆಡ್ ಗಾಜಿನ ಪದರವನ್ನೂ ಹಾಳುಮಾಡಬಲ್ಲದು. ನ್ಯೂಟ್ರಲ್ ಸಿಲಿಕೋನ್ ಎಂದು ಡಬ್ಬಿಯ ಮೇಲೆ ಬರೆದಿರುವುದೇ ಬೇಕು. ಹಸಿ ಸಿಮೆಂಟ್ ಅಲ್ಯೂಮಿನಿಯಂ ಮೇಲೆ ಅಳಿಸಲಾಗದ ಕಲೆ ಮಾಡುತ್ತದೆ, ಅದಕ್ಕಾಗಿ ಅಂಟಿಸಿದ ಟೇಪನ್ನು ಗೋಡೆ ಕೆಲಸ ಮುಗಿಯುವವರೆಗೆ ಬಿಟ್ಟಿರಿ. ಮುಗಿದ ಕೂಡಲೆ ತೆಗೆಸಿ, ತಿಂಗಳುಗಟ್ಟಲೆ ಬಿಸಿಲಿನಲ್ಲಿ ಬಿಟ್ಟರೆ ಟೇಪು ಕಿತ್ತು ಬರುವುದಿಲ್ಲ.

ಹಂತ 9: ಹಣ ಪೂರ್ತಿ ಕೊಡುವ ಮೊದಲು

ಕತ್ತಲಾದ ಮೇಲೆ ಫೋನಿನ ಬೆಳಕನ್ನು ಗಾಜಿನ ಹತ್ತಿರ ಓರೆಯಾಗಿ ಹಿಡಿದು ನೋಡಿ. ಜೋಡಿ ಗಾಜಿನಲ್ಲಿ ನಾಲ್ಕು ಮುಖಗಳಿರುವುದರಿಂದ ಬೆಳಕಿನ ನಾಲ್ಕು ಪ್ರತಿಬಿಂಬಗಳು ಕಾಣುತ್ತವೆ. ಲೋ-ಇ ಲೇಪವಿದ್ದರೆ ಅವುಗಳಲ್ಲಿ ಒಂದರ ಬಣ್ಣ ಉಳಿದ ಮೂರಕ್ಕಿಂತ ಬೇರೆಯಾಗಿರುತ್ತದೆ. ಹೊರಗಡೆ ನಿಂತು ನೋಡಿದಾಗ ನಿಮಗೆ ಹತ್ತಿರದಿಂದ ಎರಡನೆಯ ಪ್ರತಿಬಿಂಬವೇ ಬಣ್ಣದ್ದಾಗಿದ್ದರೆ ಲೇಪ ಸರಿಯಾದ ಮುಖದಲ್ಲಿದೆ. ಮೂರನೆಯದಾಗಿದ್ದರೆ ಘಟಕವನ್ನು ತಿರುವುಮುರುವಾಗಿ ಕೂರಿಸಿದ್ದಾರೆ, ಬಿಚ್ಚಿ ಸರಿಪಡಿಸಲು ಹೇಳಿ. ಆಮೇಲೆ ಬಾಗಿಲಿಗೂ ಚೌಕಟ್ಟಿಗೂ ನಡುವೆ ಒಂದು ಹಾಳೆ ಕಾಗದವಿಟ್ಟು ಮುಚ್ಚಿ, ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ರಬ್ಬರ್ ಪಟ್ಟಿ ಒತ್ತಿಕೊಂಡಿಲ್ಲ. ನಾಲ್ಕೂ ಬದಿಗೆ ಹೀಗೆ ಮಾಡಿ. ಕೊನೆಯದಾಗಿ ಹೊರಗಿನಿಂದ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಡಿಸಿ, ಒಳಗಿನ ಗೋಡೆಯಲ್ಲಿ ತೇವ ಕಾಣುತ್ತದೆಯೇ, ಕೆಳಗಿನ ಕಿಂಡಿಗಳಿಂದ ನೀರು ಹೊರಗೆ ಬರುತ್ತದೆಯೇ ಎಂದು ನೋಡಿ. ಆ ಕಿಂಡಿಗಳಲ್ಲಿ ಬೇಸಿಗೆಯ ದೂಳು ತುಂಬಿಕೊಳ್ಳುವುದರಿಂದ, ಒಂಟಿ ಗಾಜಿರಲಿ ಜೋಡಿ ಗಾಜಿರಲಿ, ಪ್ರತಿ ವರ್ಷ ಮುಂಗಾರಿಗೆ ಮೊದಲು ಒಂದು ತೆಳು ಕಡ್ಡಿಯಿಂದ ಬಿಡಿಸಿ ನೀರು ಹಾಯಿಸಿಡಿ.